ಮೊದಲ ಎಂಟು ಸೆಕೆಂಡು

ಬಸಂತರಾಯ ಮಾಸ್ತರರು ಎರಡನೆಯ ಸಲ ಕೈಯೆತ್ತಿ ನಿಲ್ಲಿಸು ಎಂದಾಗ, ಏನೋ ಎಡವಟ್ಟಾಗಿದೆ ಎಂದು ವಸುಧಾಳಿಗೆ ಗೊತ್ತಾಯಿತು. ಮೊದಲ ಸಲ ನಿಲ್ಲಿಸಿದಾಗ ಸಂತೋಷಕ್ಕೇ ಇರಬೇಕು ಎಂದುಕೊಂಡಿದ್ದಳು. ಮೂರು ವರ್ಷದ ಮೇಲೆ ಮನುಷ್ಯ ತನ್ನ ದನಿಯನ್ನು ತಾನು ಕೇಳುತ್ತಿದ್ದಾನೆ, ಕಣ್ಣಲ್ಲಿ ನೀರು ಬಂದಿರುತ್ತದೆ, ಒರೆಸಿಕೊಳ್ಳಲಿ ಎಂದು ತಾನೂ ತಲೆ ತಗ್ಗಿಸಿ ಕೂತಿದ್ದಳು. ಈಗ ತಲೆಯೆತ್ತಿ ನೋಡಿದರೆ ಮಾಸ್ತರರ ಕಣ್ಣಲ್ಲಿ ನೀರೂ ಇಲ್ಲ, ಏನೂ ಇಲ್ಲ. ಅವರು ಬೆರಳನ್ನು ಗಾಳಿಯಲ್ಲಿ ಹಿಂದಕ್ಕೆ ತಿರುಗಿಸಿ, ಮತ್ತೊಮ್ಮೆ ಅಲ್ಲಿಂದಲೇ ಹಚ್ಚು ಎಂದು ಸನ್ನೆ ಮಾಡಿದರು.

ಮಾಸ್ತರರ ಪಕ್ಕದ ಮನೆಯ ಲಾಲಬಿ ವಿಸಿಡಿ ಪ್ಲೇಯರನ್ನು ರಿಮೋಟಿನ ಸಮೇತ ಕೊಟ್ಟಿದ್ದಳು. ವಸುಧಾ ಗುಂಡಿ ಒತ್ತಿದಳು. ಮಾಸ್ತರರು ಹದಿನೈದು ವರ್ಷದ ಹಿಂದೆ ಹಾಡಿದ ಮುಲ್ತಾನಿ ರಾಗ ಪಡಸಾಲೆಯಲ್ಲಿ ಮತ್ತೆ ಶುರುವಾಯಿತು. ದನಿ ಮಂದ್ರದಿಂದ ಎದ್ದು ಬಂತು, ನಿಷಾದದ ಮೇಲೆ ಒಂದು ಗಳಿಗೆ ತೂಗಿತು. ಇನ್ನು ಷಡ್ಜಕ್ಕೆ ಬಂದು ನಿಲ್ಲಬೇಕು, ಕೇಳುವವನು ಉಸಿರು ಬಿಡಬೇಕು. ದನಿ ಷಡ್ಜದ ಹೊಸ್ತಿಲ ತನಕ ಬಂತು. ಅಲ್ಲಿ ತಳ ಸೋರುವ ಕೊಡದ ಹಾಗೆ ಬುಳುಬುಳು ಎಂದು ಸಣ್ಣಗಾಗಿ ಹೋಗಿಯೇ ಬಿಟ್ಟಿತು. ಮುಂದಿನ ಸ್ವರಕ್ಕೆ ಮತ್ತೆ ಹುಟ್ಟಿ ಬಂತು. ಪಂಚಮದಲ್ಲೂ ಅದೇ ಹಾಡು.

"ಭಾಳ ಛಲೋ ಬಂದೈತಲ್ಲ, ತಂಗಿ," ಎಂದಳು ಮಾಸ್ತರರ ಹೆಂಡತಿ ಶಂಕ್ರೆವ್ವ, ಒಳಗಿನಿಂದ ಚಹಾದ ತಾಟು ಹಿಡಿದು ಬರುತ್ತ. "ಮದಲ ಟೇಪಿನಾಗ ಹಾಕಿದ್ರ ಹಂಚಿನ ಮ್ಯಾಲ ಉಪ್ಪು ಚೆಲ್ಲಿದಂಗ ಚರ್‍ರ್ ಅಂತಿತ್ತು. ಈಗ ಏನೂ ಇಲ್ಲ ನೋಡು."

ಮಾಸ್ತರರು ಚಹಾದ ಕಡೆ ನೋಡಲಿಲ್ಲ. ಮಗ್ಗುಲಲ್ಲಿದ್ದ ಪಾಟಿಯನ್ನು ತೊಡೆಯ ಮೇಲೆ ಎಳೆದುಕೊಂಡು, ಬಳಪ ಒತ್ತಿ ಬರೆದು, ವಸುಧಾಳ ಕಡೆ ತಿರುಗಿಸಿ ಹಿಡಿದರು.

"ಏನಂತ ಬರದಾರ? ನನಗ ಓದಾಕ ಬರಂಗಿಲ್ಲ, ನೀನ ಹೇಳು," ಎಂದಳು ಶಂಕ್ರೆವ್ವ.

ವಸುಧಾ ಓದಿದಳು. "ಷಡ್ಜ ನಿಂತಿಲ್ಲ."

ಬಸಂತರಾಯ ಮಾಸ್ತರರು ಮೋರಟಗಿಯವರು, ನೆಲೆಸಿದ್ದು ಸಿಂದಗಿಯಲ್ಲಿ. ಪ್ರಾಥಮಿಕ ಶಾಲೆಯಲ್ಲಿ ಮೂವತ್ತೈದು ವರ್ಷ ಮಗ್ಗಿ ಹೇಳಿಸಿದ್ದು ಹೊಟ್ಟೆಗಾಗಿ. ಉಳಿದ ಹೊತ್ತೆಲ್ಲ ಹಾಡಿದರು, ಹಾಡಿಸಿದರು. ಸಿಂದಗಿಯಲ್ಲಿ ಮುಲ್ತಾನಿ ಕೇಳುವವರನ್ನು ಎಣಿಸಲು ಒಂದು ಕೈಯ ಬೆರಳು ಸಾಕು, ಎರಡು ಬೆರಳು ಉಳಿದಾವು. ಆದರೂ ಅವರು ಸಂಜೆ ಶಾಲೆ ಬಿಟ್ಟ ಮೇಲೆ ಪಡಸಾಲೆಯಲ್ಲಿ ಚಾಪೆ ಹಾಸಿ ಊರ ಮಕ್ಕಳಿಗೆ ಸಂಗೀತ ಕಲಿಸಿದರು. ವಸುಧಾ ಒಂಬತ್ತು ವರ್ಷದವಳಿದ್ದಾಗ ಆ ಚಾಪೆಯ ಮೇಲೆ ಕೂತವಳು. ಆಚಾರರ ಮನೆಯ ಹುಡುಗಿ ದೇವರನಾಮ ಕಲಿತರೆ ಸಾಕು ಎಂದು ಅಪ್ಪ ಕಳಿಸಿದ್ದ. ಅವಳು ಖಯಾಲು ಕಲಿತು, ಪರೀಕ್ಷೆಗಳನ್ನೆಲ್ಲ ಕಟ್ಟಿ, ಅದೇ ಊರಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಸಂಗೀತ ಕಲಿಸುವ ಬಾಯಾರಾದಳು.

ಮೂರು ವರ್ಷದ ಹಿಂದೆ ಮಾಸ್ತರರ ಗಂಟಲಲ್ಲಿ ಗಡ್ಡೆಯಾಯಿತು. ಮಿರಜದ ಆಸ್ಪತ್ರೆಯಲ್ಲಿ ಆಪರೇಶನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಜೀವ ಉಳಿಯಿತು. ಕೊರಳ ಕೆಳಗೆ ಒಂದು ತೂತು, ಅದರ ಮೇಲೆ ಬಿಳಿಯ ಅರಿವೆ, ಉಸಿರೆಲ್ಲ ಅದರಿಂದಲೇ. ಮಾತೆಲ್ಲ ಪಾಟಿಯ ಮೇಲೆ. ಕಲಿಸುವುದನ್ನು ಮಾತ್ರ ಅವರು ಬಿಡಲಿಲ್ಲ. ಹಾರ್ಮೋನಿಯಂ ಪೇಟಿ ಮುಂದಿಟ್ಟುಕೊಂಡು ಸ್ವರ ಒತ್ತುವರು, ಹುಡುಗಿಯರು ಹಾಡುವರು. ಅದರಲ್ಲಿ ಒಂದು ತೊಡಕಿತ್ತು. ಪೇಟಿಯಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಿಗಿಯಬಹುದೇ ಹೊರತು ಜಾರಲಾಗುವುದಿಲ್ಲ. ಹುಡುಗಿಯರೂ ಮೆಟ್ಟಿಲು ಹತ್ತಿದವರ ಹಾಗೆ ಟಕಟಕ ಹಾಡತೊಡಗಿದರು. ಮಾಸ್ತರರು ಕೇಳಿ ಹಣೆ ಹಣೆ ಬಡಿದುಕೊಂಡರು. ಇದು ಹೀಗಲ್ಲ ಎಂದು ಪಾಟಿಯ ಮೇಲೆ ಬರೆಯಬಹುದು. ಹೇಗೆ ಎಂದು ಯಾವ ಪಾಟಿಯ ಮೇಲೆ ಬರೆದಾರು?

ಅದಕ್ಕೇ ಆ ಕ್ಯಾಸೆಟ್ಟಿಗೆ ಬೆಲೆ ಬಂದದ್ದು. ತೊಂಬತ್ತೊಂದರಲ್ಲಿ ತಾಂಬಾದ ಮಠದಲ್ಲಿ ಪುರಾಣ ಮುಗಿದ ಮರುದಿನ ಮಧ್ಯಾಹ್ನ ಮಾಸ್ತರರು ಮುಲ್ತಾನಿ ಹಾಡಿದ್ದರು. ಮೈಕ್ ಸೆಟ್ಟಿನ ಮಾಳಿಂಗಪ್ಪ ತನ್ನ ಟೇಪ್ ರೆಕಾರ್ಡರಿನಲ್ಲಿ ಅದನ್ನು ಹಿಡಿದಿದ್ದ. ಮಾಸ್ತರರ ದನಿ ಎಂದು ಈ ಭೂಮಿಯ ಮೇಲೆ ಉಳಿದದ್ದು ಆ ಇಪ್ಪತ್ತೆಂಟು ನಿಮಿಷ ಮಾತ್ರ. ಟೇಪು ಹಳೆಯದಾಗಿ ದನಿಗಿಂತ ಚರಚರ ಸದ್ದೇ ಹೆಚ್ಚು ಕೇಳುತ್ತಿತ್ತು. ಅದನ್ನು ತೊಳೆದು ಕೊಡುತ್ತೇನೆ ಎಂದು ವಸುಧಾ ತಾನಾಗಿ ಹೊತ್ತುಕೊಂಡಳು. ಯಾರೂ ಹೇಳಿರಲಿಲ್ಲ.

ಹೊತ್ತುಕೊಳ್ಳಲು ಅವಳಿಗೆ ಧೈರ್ಯ ಬಂದದ್ದು ವಿಜಾಪುರದ ತರಬೇತಿಯಿಂದ. ಸಂಗೀತ ಶಿಕ್ಷಕರಿಗೆಂದು ನಾಲ್ಕು ದಿನ ನಡೆದಿತ್ತು. ರಾಮಚಂದ್ರ ಎಂಬ ಉಪನ್ಯಾಸಕರು ಕಂಪ್ಯೂಟರಿನಲ್ಲಿ ದನಿಯನ್ನು ಹಿಡಿಯುವುದು, ಕತ್ತರಿಸುವುದು, ಸೇರಿಸುವುದು, ತೊಳೆಯುವುದು ಎಲ್ಲ ತೋರಿಸಿ, ಕೊನೆಯ ದಿನ ಪ್ರತಿಯೊಬ್ಬರಿಗೂ ಒಂದು ಸಿಡಿ ಕೊಟ್ಟರು. "ಇದು ಪುಕ್ಕಟೆ ಸಾಫ್ಟ್‌ವೇರ್ ಅದ. ಪುಕ್ಕಟೆ ಅಂತ ಹಗುರ ತಿಳಕೋಬ್ಯಾಡ್ರಿ. ಮಾಡಿದವರು ಯಾವ ಗುಟ್ಟೂ ಇಟ್ಟಿಲ್ಲ. ಒಳಗ ಅದು ಹ್ಯಾಂಗ ಕೆಲಸ ಮಾಡ್ತದ ಅನ್ನೂದನ್ನೂ ಬರದು ಇದರಾಗ ಇಟ್ಟಾರ. ಓದ್ರಿ, ತಿದ್ರಿ, ಮಕ್ಕಳಿಗೆ ಹಂಚ್ರಿ," ಎಂದಿದ್ದರು.

ವಸುಧಾ ಬಂದು ಇದನ್ನು ಹೇಳಿದಾಗ ಮಾಸ್ತರರು ಪಾಟಿಯ ಮೇಲೆ ಬರೆದರು: "ನಮ್ಮ ಗುರುಗಳಿಗೆ ಈ ಬುದ್ಧಿ ಇರಬೇಕಿತ್ತು." ಒಂದು ಹಾಡಿನ ಅಂತರಾ ಹೇಳಿಕೊಡುವ ಮೊದಲು ಆ ಗುರು ಇವರಿಂದ ಎರಡು ವರ್ಷ ನೀರು ಹೊರಿಸಿದ್ದನಂತೆ. ಮುಚ್ಚಿಟ್ಟುಕೊಳ್ಳುವವರನ್ನು ಕಂಡರೆ ಮಾಸ್ತರರಿಗೆ ಆಗುತ್ತಿರಲಿಲ್ಲ. ಗುಟ್ಟಿಲ್ಲದ ಯಂತ್ರ ಎಂದ ಮೇಲೆ ಕ್ಯಾಸೆಟ್ಟನ್ನು ಒಂದೂ ಮಾತಿಲ್ಲದೆ ಕೊಟ್ಟುಬಿಟ್ಟರು.

ಶಾಲೆಗೆ ನಾಲ್ಕು ಕಂಪ್ಯೂಟರ್ ಬಂದಿದ್ದವು, ಎರಡು ಕೆಲಸ ಮಾಡುತ್ತಿದ್ದವು. ಕಂಪ್ಯೂಟರ್ ಕಲಿಸುವ ಶ್ರೀಶೈಲ ಸರ್ ವೈರು ಜೋಡಿಸಿಕೊಟ್ಟ. ಟೇಪು ತಿರುಗಿತು, ಮುಲ್ತಾನಿ ತೆರೆಯ ಮೇಲೆ ನೀಲಿ ಅಲೆಯಾಗಿ ಓಡಿತು. ಇಪ್ಪತ್ತೆಂಟು ನಿಮಿಷವೂ ಒಳಗೆ ಬಂದವು. ಹಿಂದಕ್ಕೆ ಸುತ್ತುವಾಗ ಶಾಲೆಯ ಟೇಪ್ ರೆಕಾರ್ಡರ್ ರೀಲನ್ನು ನುಂಗಿತು. ಎಳೆದು ತೆಗೆಯುವಷ್ಟರಲ್ಲಿ ಅದು ಮುದ್ದೆಯಾಗಿ, ನಾಲ್ಕಾರು ಕಡೆ ಹರಿದು, ಒಣಗಿದ ಸಿಪ್ಪೆಯ ಹಾಗೆ ಕೈಗೆ ಬಂತು. ವಸುಧಾ ಚೂರುಗಳನ್ನೆಲ್ಲ ಆರಿಸಿ ಕಾಗದದಲ್ಲಿ ಸುತ್ತಿಟ್ಟಳು. "ಹೋಗಲಿ ಬಿಡ್ರಿ ಮೇಡಂ, ಕಂಪ್ಯೂಟರಿನಾಗ ಬಂದೈತಲ್ರಿ. ಇದು ಹರಿಯಂಗಿಲ್ಲ, ಸವೆಯಂಗಿಲ್ಲ," ಎಂದ ಶ್ರೀಶೈಲ ಸರ್. ಖರೆಯೇ ಅಲ್ಲವೇ ಎಂದು ಅವಳೂ ಸಮಾಧಾನ ಮಾಡಿಕೊಂಡಳು.

ತೊಳೆಯುವ ವಿಧಾನವನ್ನು ತರಬೇತಿಯ ವಹಿಯಲ್ಲಿ ನೀಟಾಗಿ ಬರೆದುಕೊಂಡಿದ್ದಳು. ಮಾತೂ ಹಾಡೂ ಇಲ್ಲದ, ಬರೀ ಬೇಡವಾದ ಸದ್ದು ಇರುವ ಒಂದು ತುಣುಕನ್ನು ಆರಿಸಿ ಯಂತ್ರಕ್ಕೆ ತೋರಿಸಬೇಕು. ಇದು ಕಸ ಎಂದು ಅದು ಕಲಿಯುತ್ತದೆ. ಆಮೇಲೆ ಎಲ್ಲೆಲ್ಲಿ ಅಂಥದು ಸಿಕ್ಕೀತೋ ಅಲ್ಲೆಲ್ಲ ಗುಡಿಸಿ ಹಾಕುತ್ತದೆ. ವಸುಧಾ ಹುಡುಕಿದಳು. ಮಾಸ್ತರರು ಬಾಯಿ ತೆರೆಯುವ ಮುಂಚಿನ ಎಂಟು ಸೆಕೆಂಡು ಸಿಕ್ಕವು. ಚರಚರ ಸದ್ದು, ಮಠದ ಫ್ಯಾನಿನ ಗರಗರ, ಯಾರೋ ಕೆಮ್ಮಿದ್ದು. ಹಾಡು ಇಲ್ಲ. ಇದೇ ಸರಿ ಎಂದು ಆರಿಸಿ ತೋರಿಸಿದಳು. ಯಂತ್ರ ಹತ್ತು ನಿಮಿಷ ತಿಣುಕಿ, ಎಲ್ಲ ಗುಡಿಸಿಕೊಟ್ಟಿತು. ಕಂಪ್ಯೂಟರಿನ ಮುಷ್ಟಿಯಷ್ಟು ಸ್ಪೀಕರಿನಲ್ಲಿ ನಡುನಡುವೆ ಅಲ್ಲಿಷ್ಟು ಇಲ್ಲಿಷ್ಟು ಕೇಳಿದರೆ, ದನಿ ತೊಳೆದ ತಾಟಿನ ಹಾಗೆ ಫಳಫಳ ಅನ್ನುತ್ತಿತ್ತು. ಅದೇ ಹೆಸರಿನಲ್ಲಿ ಉಳಿಸಿದಳು. ಹಾರ್ಡ್ ಡಿಸ್ಕಿನಲ್ಲಿ ಜಾಗವಿಲ್ಲ, ಪರೀಕ್ಷೆಯ ಅಂಕಗಳನ್ನು ತುಂಬಬೇಕು ಎಂದು ಶ್ರೀಶೈಲ ಸರ್ ಉಳಿದದ್ದನ್ನೆಲ್ಲ ಅಳಿಸಿದ. ಎರಡು ಸಿಡಿ ಬರೆದು, ಒಂದನ್ನು ಶಾಲೆಯ ಕಪಾಟಿನಲ್ಲಿಟ್ಟು, ಇನ್ನೊಂದಕ್ಕೆ ಅರಿಶಿನ ಕುಂಕುಮ ಹಚ್ಚಿ ಮಾಸ್ತರರ ಮನೆಗೆ ತಂದಿದ್ದಳು.

ಈಗ ಪಡಸಾಲೆಯಲ್ಲಿ ಕೂತು ಕೇಳುವಾಗ ಅವಳಿಗೆ ಹೊಳೆಯಿತು. ಹಾಡಿನ ಹಿಂದೆ ತಂಬೂರಿ ಇರಲಿಲ್ಲ.

ಆ ಎಂಟು ಸೆಕೆಂಡಿನಲ್ಲಿ ತಂಬೂರಿ ಇತ್ತು. ಇಲ್ಲದೆ ಎಲ್ಲಿ ಹೋದೀತು? ಹಾಡಿನ ಬೈಠಕ್ಕಿನಲ್ಲಿ ತಂಬೂರಿ ಮೊದಲು ಶುರುವಾಗುತ್ತದೆ, ಎಲ್ಲರೂ ಎದ್ದ ಮೇಲೆ ನಿಲ್ಲುತ್ತದೆ. ಹುಟ್ಟಿದಾಗಿನಿಂದ ಗಿರಣಿಯ ಪಕ್ಕದಲ್ಲೇ ಮನೆ ಇದ್ದವರಿಗೆ ಗಿರಣಿಯ ಸದ್ದು ಕೇಳಿಸುತ್ತದೆಯೇ? ಒಂಬತ್ತನೆಯ ವಯಸ್ಸಿನಿಂದ ತಂಬೂರಿಯ ಕೆಳಗೇ ಕೂತು ಬೆಳೆದ ವಸುಧಾಳಿಗೆ ತಂಬೂರಿ ಎಂದರೆ ಸದ್ದೇ ಅಲ್ಲ, ಅದು ಬರೀ ಮೌನ. ಸಂಗೀತ ಗೊತ್ತಿಲ್ಲದ ಶ್ರೀಶೈಲ ಸರ್ ಆ ತುಣುಕನ್ನು ಆರಿಸಿದ್ದರೆ "ಏನೋ ಗುಂಯ್ ಅನ್ನಾಕತ್ತೈತಲ್ರಿ" ಎಂದು ಕೇಳುತ್ತಿದ್ದ. ಕಲಿತವಳು ಆರಿಸಿ ಕೆಟ್ಟಳು. ಯಂತ್ರ ಹೇಳಿದ್ದನ್ನು ಕಲಿತುಕೊಂಡಿತು: ಮುಲ್ತಾನಿಯ ತಂಬೂರಿಯ ಷಡ್ಜ ಕಸ, ಪಂಚಮ ಕಸ. ಇಪ್ಪತ್ತೆಂಟು ನಿಮಿಷದಲ್ಲಿ ಎಲ್ಲೆಲ್ಲಿ ಮಾಸ್ತರರು ತಂಬೂರಿಯೊಳಗೆ ಕರಗುವ ಹಾಗೆ ಮೆಲ್ಲಗೆ ಸ್ವರ ಹಚ್ಚಿದ್ದರೋ ಅಲ್ಲೆಲ್ಲ ಗುಡಿಸಿ ಹಾಕಿತು. ಬಾಯಿಬಿಟ್ಟು ಜೋರಾಗಿ ಹಾಡಿದ್ದು ಉಳಿಯಿತು, ತುಸು ಆಚೀಚೆಯಾದದ್ದೂ ಉಳಿಯಿತು. ಎಷ್ಟು ನಿಖರವೋ ಅಷ್ಟು ಹಾಳು.

"ಮಾಸ್ತರ, ಇದು ನಿಮ್ಮದಲ್ರೀ, ನನ್ನ ತಪ್ಪು," ಎಂದಳು ವಸುಧಾ. "ಮಶೀನಿಗೆ ನಾ ತಂಬೂರೀನ ಕಸ ಅಂತ ಕಲಿಸೀನಿ. ಅದು ತಂಬೂರಿ ಜೋಡಿ ನಿಮ್ಮ ಷಡ್ಜಾನೂ ಅಳಿಸ್ಯದ. ತಂಬೂರಿ ಕೇಳಸ್ತದೇನು ನೋಡ್ರಿ ಬೇಕಾರ. ಇಲ್ಲಲ್ಲ?"

ಮಾಸ್ತರರು ಅವಳನ್ನು ನೋಡುತ್ತ ಕೇಳಿದರು. ಪೂರ್ತಿ ಕೇಳಿದರು. ಆಮೇಲೆ ಪಾಟಿಯನ್ನು ಅಂಗೈಯಿಂದ ಒರೆಸಿ ಎರಡೇ ಶಬ್ದ ಬರೆದರು: "ಅಂಗಳ ಡೊಂಕು."

ಕುಣಿಯಲು ಬಾರದವಳು ಅಂಗಳ ಡೊಂಕು ಎಂದಳಂತೆ. ಈ ಗಾದೆಯನ್ನು ಮಾಸ್ತರರ ಬಾಯಿಂದ ಕೇಳದ ಶಿಷ್ಯರಿಲ್ಲ. ಪೇಟಿ ಸ್ವರ ಬಿಟ್ಟಿದೆ, ತಬಲಾ ಏರಿದೆ, ಮೈಕ್ ಸರಿಯಿಲ್ಲ ಎಂದು ಯಾರಾದರೂ ಬಾಯಿಬಿಟ್ಟರೆ ಮುಗಿಯಿತು, ಒಂದು ತಾಸು ಅಂಗಳದಲ್ಲಿ ನಿಂತು ಷಡ್ಜ ಹಚ್ಚಬೇಕು. ವಸುಧಾ ಹನ್ನೊಂದನೆಯ ವಯಸ್ಸಿನಲ್ಲಿ ಹಾಗೆ ನಿಂತು ಕಾಲು ಸುಟ್ಟುಕೊಂಡಿದ್ದಳು. ತಪ್ಪು ಹಾಡಿದವನದು, ವಾದ್ಯದ್ದಲ್ಲ. ನಲವತ್ತು ವರ್ಷ ಇದನ್ನೇ ಹೇಳಿಕೊಂಡು ಬಂದ ಮನುಷ್ಯ ಇವತ್ತು ತನ್ನ ಷಡ್ಜಕ್ಕಾಗಿ ಯಂತ್ರವನ್ನು ದೂರಿಯಾನೇ?

"ಖರೇನ ಹೇಳ್ಲಿಕ್ಕತ್ತೀನ್ರಿ. ನಿಮ್ಮ ಸಮಾಧಾನಕ್ಕಲ್ಲ."

ಮಾಸ್ತರರು ನಕ್ಕರು. ಸದ್ದಿಲ್ಲದ ನಗು, ಕೊರಳ ಅರಿವೆ ಮಾತ್ರ ಅಲುಗಿತು. ಮತ್ತೆ ಬರೆದರು. ಈ ಸಲ ಬಹಳ ಹೊತ್ತು ಬರೆದರು. ವಸುಧಾ ಮನಸ್ಸಿನಲ್ಲೇ ಓದಿದಳು.

"ಓದಲ್ಲ," ಎಂದಳು ಶಂಕ್ರೆವ್ವ.

"ಎಪ್ಪತ್ನಾಲ್ಕರಾಗ ರೇಡಿಯೋ ಪರೀಕ್ಷಾಕ್ಕ ಹೋಗಿದ್ದೆ. ಷಡ್ಜ ಸ್ಥಿರ ಇಲ್ಲ ಅಂತ ಚೀಟಿ ಕೊಟ್ಟಿದ್ರು. ಅವರ ಕಿವಿ ಕೆಟ್ಟಾವ ಅಂತ ತಿಳಿದಿದ್ದೆ," ಎಂದು ವಸುಧಾ ಓದಿ ನಿಲ್ಲಿಸಿದಳು.

ಶಂಕ್ರೆವ್ವ ತಾಟನ್ನು ನೆಲಕ್ಕಿಟ್ಟಳು. "ರೇಡಿಯೋದಾಗ ಹಾಡಾಕ ಅಷ್ಟು ದೂರ ಯಾರು ಅಡ್ಡಾಡ್ತಾರ, ನಾನ ಒಲ್ಲೆ ಅಂದ್ ಬಂದ್ನಿ ಅಂದಿದ್ರಲ್ಲ ನನಗ?" ಎಂದು ಗಂಡನನ್ನು ಕೇಳಿದಳು. ಮಾಸ್ತರರು ಪಾಟಿ ಒರೆಸಿ ಮಗ್ಗುಲಿಗಿಟ್ಟರು. ಬರೆದರೂ ಅವಳಿಗೆ ಓದಲು ಬರುತ್ತಿರಲಿಲ್ಲ.

ವಸುಧಾಳಿಗೆ ಈಗ ತಿಳಿಯಿತು. ಮೂವತ್ತೆರಡು ವರ್ಷ ಈ ಮನುಷ್ಯ ಒಂದು ಚೀಟಿಯ ಮಾತನ್ನು ಯಾರಿಗೂ ಹೇಳದೆ ಹೊಟ್ಟೆಯಲ್ಲಿಟ್ಟುಕೊಂಡು, ತಾಂಬಾದ ಕ್ಯಾಸೆಟ್ಟನ್ನು ಅದಕ್ಕೆ ಜವಾಬು ಎಂದು ಜೋಪಾನ ಮಾಡಿದ್ದ. ತಾನು ಆ ಜವಾಬನ್ನು ತೊಳೆದು ಚೀಟಿಯನ್ನೇ ಖರೆ ಮಾಡಿ ತಂದುಕೊಟ್ಟಿದ್ದಳು, ಅದೂ ಕುಂಕುಮ ಹಚ್ಚಿ. ನಾಲಿಗೆ ಕಿತ್ತುಕೊಳ್ಳಬೇಕು ಅನ್ನಿಸಿತು.

ಮರುದಿನ ಅವಳು ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಊಟಕ್ಕೂ ಏಳದೆ ಕೂತಳು. ಶ್ರೀಶೈಲ ಸರ್ ಇದ್ದ ಕಪಾಟು, ಇದ್ದ ಫೋಲ್ಡರು ಎಲ್ಲ ತೆಗೆದು ತೋರಿಸಿದ. ಅಳಿಸಿದ ಜಾಗದಲ್ಲಿ ಮುನ್ನೂರು ಹುಡುಗಿಯರ ಅಂಕಗಳು ಕೂತಿದ್ದವು. ವಿಜಾಪುರದ ರಾಮಚಂದ್ರ ಸರ್‌ಗೆ ಫೋನು ಹಚ್ಚಿದಳು.

"ಒರಿಜಿನಲ್ ಇಟ್ಕೊಂಡಿಲ್ಲೇನ್ರಿ ಬಾಯಾರ?" ಎಂದರು ಅವರು. "ಮೊದಲನೇ ದಿವಸನ ಹೇಳಿದ್ದೆ ನಾ."

"ಹೇಳಿದ್ರಿ. ವಹಿಯೊಳಗ ಬರಕೊಂಡೂ ಇದ್ದೆ. ಈಗ ಏನಾರ ಮಾಡಿ ಅಳಿಸಿದ್ದನ್ನ ತಿರುಗಿ ತರಲಿಕ್ಕೆ ಬರ್ತದೇನ್ರಿ?"

"ಕಸದ ಜೋಡಿ ಕಾಳು ಹೋದ್ರ ಕಸಾನ ಹುಡುಕಬೇಕ್ರಿ. ಇಲ್ಲಿ ಕಸಾನೂ ಉಳಿದಿಲ್ಲ," ಎಂದರು. ಪಾಪ, ಅವರ ದನಿಯಲ್ಲೂ ಬೇಜಾರಿತ್ತು. "ನಿಮಗೆಲ್ಲ ಕಲಿಸುವಾಗ ತಂಬೂರಿದೊಂದು ಉದಾಹರಣೆ ಕೊಡಬೇಕಾಗಿತ್ತು ನಾನು. ನಾ ಮಾತಿನ ರೆಕಾರ್ಡಿಂಗ್ ಮ್ಯಾಲ ತೋರಿಸಿದೆ. ಮಾತಿನಾಗ ಮೌನ ಇರ್ತದ್ರಿ. ನಮ್ಮ ಹಾಡಿನೊಳಗ ಎಲ್ಲಿರ್ತದ?"

ಯಂತ್ರದ ಒಳಗುಟ್ಟು ಸಿಡಿಯಲ್ಲೇ ಇದೆ ಎಂದಿದ್ದರಲ್ಲ, ಅದನ್ನೂ ತೆಗೆದು ನೋಡಿದಳು. ಸಾಲು ಸಾಲು ಇಂಗ್ಲಿಷು, ಆವರಣ ಚಿಹ್ನೆ, ಅಂಕಿ. ಶ್ರೀಶೈಲ ಸರ್ ಕೂಡ ಬಗ್ಗಿ ನೋಡಿ, "ಇದು ನಮ್ಮ ಕೈಲಿ ಬಗಿಹರಿಯೂ ಬಾಬತ್ತಲ್ರಿ ಮೇಡಂ," ಎಂದ. ಒಂದು ಅಕ್ಷರವನ್ನೂ ಯಾರೂ ಮುಚ್ಚಿಟ್ಟಿರಲಿಲ್ಲ. ಓದುವವರು ಈ ಊರಲ್ಲಿ ಯಾರಿದ್ದರು? ಅವಳು ಅರ್ಧ ತಾಸು ಆ ಸಾಲುಗಳನ್ನು ಮೇಲಿನಿಂದ ಕೆಳಗೆ ನೋಡಿ, ಮುಚ್ಚಿ ಎದ್ದಳು.

ರವಿವಾರ ಮುದ್ದೆಯಾದ ರೀಲನ್ನು ಊಟದ ಡಬ್ಬಿಯಲ್ಲಿಟ್ಟುಕೊಂಡು ತಾಂಬಾಕ್ಕೆ ಬಸ್ಸು ಹತ್ತಿದಳು. ಮಾಳಿಂಗಪ್ಪ ಮೈಕ್ ಸೆಟ್ಟಿನ ಧಂದೆ ಮಗನಿಗೆ ಬಿಟ್ಟು, ಅದೇ ಅಂಗಡಿಯ ಮೂಲೆಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ. ಬಸಂತರಾಯ ಮಾಸ್ತರರ ಹೆಸರು ಹೇಳಿದ್ದೇ ತಡ, ಸ್ಟೂಲು ಒರೆಸಿ ಕೂಡ್ರಿಸಿದ. ಇನ್ನೊಂದು ಪ್ರತಿ ಇದೆಯೇ ಎಂದು ಕೇಳಿದಳು.

"ಇದ್ದದ್ದ ಒಂದ್ರಿ ಅದು. ಅವರಿಗೇ ಕೊಟ್ಟಿದ್ನಿ. ಕಾಪಿ ಮಾಡಾಕ ಆಗ ಎರಡನೇ ಮಶೀನ ಎಲ್ಲಿತ್ರಿ ನಮ್ಮಂತಾಕ?" ಎಂದು ಡಬ್ಬಿ ತೆಗೆದು ರೀಲನ್ನು ಬೆಳಕಿಗೆ ಹಿಡಿದ. ಬೆರಳಿಗೆ ಕಂದು ಪುಡಿ ಹತ್ತಿತು. "ಉದುರಾಕತ್ತೈತಿ ನೋಡ್ರಿ. ದನಿ ಅಂದ್ರ ಈ ಪುಡೀನ. ನೋಡೂಣು, ಜೋಡಿಸಿ ನೋಡೂಣು."

ಅವನು ಎರಡು ತಾಸು ತೆಗೆದುಕೊಂಡ. ಬ್ಲೇಡಿನಿಂದ ಹರಿದ ತುದಿಗಳನ್ನು ಓರೆಯಾಗಿ ಕೊಯ್ದು, ಹಿಂದಿನಿಂದ ಅಂಟು ಪಟ್ಟಿ ಹಚ್ಚಿ, ಒಂದು ಖಾಲಿ ಕ್ಯಾಸೆಟ್ಟಿನ ಹೊಟ್ಟೆಯಲ್ಲಿ ಸುತ್ತಿ, ಹಳೆಯ ಟೇಪ್ ರೆಕಾರ್ಡರಿಗೆ ಹಾಕಿದ. ಗುಂಡಿ ಒತ್ತುವ ಮುಂಚೆ ಮಠದ ಕಡೆ ತಿರುಗಿ ಕೈಮುಗಿದ. ಚರ್‍ರ್ ಎಂದಿತು, ಅಲುಗಿತು, ಏನೋ ಬೊಗಳಿದಂತಾಯಿತು. ಆಮೇಲೆ ಒಂದು ಕಡೆ ರೀಲು ನೆಟ್ಟಗೆ ಓಡಿತು. ತಂಬೂರಿ ಬಂತು. ಅದರ ಮೇಲೆ ಮಾಸ್ತರರ ದನಿ ನಿಷಾದದಿಂದ ಏರಿ ಷಡ್ಜಕ್ಕೆ ಬಂತು, ನಿಂತಿತು. ದನಿ ಯಾವುದು ತಂಬೂರಿ ಯಾವುದು ಎಂದು ಬಿಡಿಸಿ ಹೇಳಲಾಗದ ಹಾಗೆ ನಿಂತಿತು. ವಸುಧಾ ಉಸಿರು ಹಿಡಿದು ಕೂತಳು. ಒಂದು, ಎರಡು, ಮೂರು, ನಾಲ್ಕು ಸೆಕೆಂಡು. ಮತ್ತೆ ಟೇಪು ಕಿರುಗುಟ್ಟಿ ಸಿಕ್ಕಿಕೊಂಡಿತು.

ಮಾಳಿಂಗಪ್ಪ ಅವಸರದಿಂದ ಮುಚ್ಚಳ ತೆಗೆದ. ಅದೇ ಜಾಗ ಮುದುಡಿ, ಪುಡಿ ಉದುರಿ, ಆಚೆಯ ಬೆಳಕು ಕಾಣುವಷ್ಟು ತೆಳ್ಳಗಾಗಿತ್ತು. ಮತ್ತೊಮ್ಮೆ ಹಾಕಿದ. ಬರೀ ಗರಗರ.

"ಕೇಳಿದ್ರಿಲ್ರಿ, ಬಾಯಾರ?" ಎಂದ ಅವನು. "ಏನ್ ನಿಂತಿತ್ರಿ ಆ ಸಾ. ಆ ಮದ್ಯಾಣ ಮಠದಾಗ ಒಬ್ಬರೂ ಮಿಸುಕಿರಲಿಲ್ಲ."

"ಕೇಳಿದೆ," ಎಂದಳು ವಸುಧಾ. ಅಳು ಬಂತು. ಅಂಗಡಿಯ ಮುಂದೆ ಹೋಗುವವರು ನೋಡುತ್ತಾರೆ ಎಂಬುದನ್ನೂ ಮರೆತು ಅತ್ತಳು. ಮಾಳಿಂಗಪ್ಪ ಏನು ಮಾಡಬೇಕೋ ತಿಳಿಯದೆ, ಮಗನನ್ನು ಕರೆದು ಚಹಾ ತರಲು ಹೇಳಿದ.

ಅಲ್ಲಿಂದ ನೇರವಾಗಿ ಮಾಸ್ತರರ ಮನೆಗೆ ಬಂದಳು. ಚಪ್ಪಲಿ ಬಿಡುವ ಮೊದಲೇ ಹೇಳಿದಳು. ಮಾಳಿಂಗಪ್ಪ ಜೋಡಿಸಿದ್ದು, ತಂಬೂರಿ ಬಂದದ್ದು, ಷಡ್ಜ ನಿಂತದ್ದು, ನಾಲ್ಕು ಸೆಕೆಂಡು ತಾನು ಎಣಿಸಿದ್ದು. ಮಾಸ್ತರರು ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ಸುಲಿಯುವುದನ್ನು ನಿಲ್ಲಿಸಿ ಕೇಳಿದರು.

"ಟೇಪ್ ಎಲ್ಲೈತಿ?" ಎಂದಳು ಶಂಕ್ರೆವ್ವ ಆಸೆಯಿಂದ. "ಹಾಕಲ್ಲ, ಕೇಳ್ಲಿ ಅವ್ರೂ."

"ಅದು ಹೋತ್ರಿ ಅವ್ವಾರ. ಅಲ್ಲೇ ಹೋತು."

ತಾನು ಆಡಿದ್ದು ತನ್ನ ಕಿವಿಗೇ ಹೇಗೆ ಕೇಳಿಸಿತು ಎಂದು ವಸುಧಾಳಿಗೆ ಗೊತ್ತಿತ್ತು. ಊರಿಗೆ ಹೋಗಿ ನೋಡಿ ಬಂದೆ, ಬಂಗಾರದಂಥ ಸಾಕ್ಷಿ ಇತ್ತು, ನಾನು ನೋಡಿದ ಕೂಡಲೇ ಕರಗಿ ಹೋಯಿತು. ಯಾರು ನಂಬಿಯಾರು? ಅವಳಾದರೂ ನಂಬುತ್ತಿದ್ದಳೇ? "ಮಾಳಿಂಗಪ್ಪನ್ನ ಕೇಳ್ರಿ ಬೇಕಾರ. ನಾಳೆ ಕರಕೊಂಡು ಬರ್ತೀನಿ," ಎಂದಳು.

ಮಾಸ್ತರರು ಬೇಡವೆಂದು ಕೈಯಾಡಿಸಿದರು. ಪಾಟಿ ತೆಗೆದುಕೊಂಡು ಬರೆದು, ಅವಳ ಕೈಗೇ ಕೊಟ್ಟರು. "ನೀ ಭಾಳ ಛಲೋ ಹುಡುಗಿ," ಎಂದಿತ್ತು. ಅವಳು ಓದಿ ತಲೆಯೆತ್ತುವಷ್ಟರಲ್ಲಿ ಬೊಗಸೆ ತುಂಬ ಶೇಂಗಾ ಕಾಳು ಅವಳ ಮುಂದೆ ಹಿಡಿದಿದ್ದರು. ಮುಖದಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ. ಬೈದಿದ್ದರೆ, ಅಂಗಳದಲ್ಲಿ ನಿಲ್ಲಿಸಿದ್ದರೆ ಎಷ್ಟೋ ಬರೋಬರಿ ಆಗುತ್ತಿತ್ತು. ಅವಳು ಸೆರಗೊಡ್ಡಿ ಕಾಳು ಹಾಕಿಸಿಕೊಂಡು ಮನೆಗೆ ಹೋದಳು.

ನಾಲ್ಕು ದಿನ ಆ ಕಡೆ ಹೋಗಲು ಮುಖವಿರಲಿಲ್ಲ. ಶುಕ್ರವಾರ ಶಂಕ್ರೆವ್ವ ಹೇಳಿ ಕಳಿಸಿದಳು: ಪಾಠ ನಡೆಸಬೇಕಂತೆ, ನೀನೂ ಬಂದು ಕೂಡ್ರಬೇಕಂತೆ. ಇಷ್ಟು ವರ್ಷದಲ್ಲಿ ತಮ್ಮ ಪಾಠಕ್ಕೆ ಇನ್ನೊಬ್ಬರನ್ನು ಕೂಡ್ರಿಸಿಕೊಂಡವರಲ್ಲ ಮಾಸ್ತರರು. ವಸುಧಾ ಶಾಲೆ ಬಿಟ್ಟ ಕೂಡಲೇ ಹೋದಳು.

ಪಡಸಾಲೆಯಲ್ಲಿ ಚಾಪೆ ಹಾಸಿತ್ತು. ಐದಾರು ಹುಡುಗಿಯರು ಕೂತಿದ್ದರು. ಮಾಸ್ತರರು ಪೇಟಿಯ ಮುಂದೆ ಇದ್ದರು, ಅವರ ಎಡಗಡೆ ಒಂದು ಮಣೆ ಖಾಲಿ ಇತ್ತು. ಅದನ್ನು ಕೈಯಿಂದ ತಟ್ಟಿ ವಸುಧಾಳಿಗೆ ಕೂಡ್ರಲು ತೋರಿಸಿದರು. ಶೈಲಶ್ರೀ ಎಂಬ ಹುಡುಗಿ ತಂಬೂರಿ ಎತ್ತಿಕೊಂಡಳು. ಬಳಿಗಾರರ ಮನೆಯ ಹುಡುಗಿ, ಹನ್ನೆರಡು ವರ್ಷದವಳು, ದನಿ ಇನ್ನೂ ಹಸಿ. ಪೇಟಿಯ ಸ್ವರಕ್ಕೆ ಕಾಯದೆ, ತಂಬೂರಿ ಕೇಳಿ, ತಾನೇ ಷಡ್ಜ ಹಚ್ಚಿದಳು.

ದನಿ ಮೊದಲು ತುಸು ತಡಕಾಡಿತು. ಆಮೇಲೆ ಕೂತಿತು. ಎಷ್ಟು ಸರಿಯಾಗಿ ಕೂತಿತೆಂದರೆ ವಸುಧಾಳ ತೋಳಿನ ಮೇಲೆ ಕೂದಲೆದ್ದವು. ಹುಡುಗಿ ಕಣ್ಣು ಮುಚ್ಚಿ ಉಸಿರು ಮುಗಿಯುವ ತನಕ ಹಿಡಿದಳು, ಮತ್ತೆ ಉಸಿರೆಳೆದು ಮತ್ತೆ ಹಿಡಿದಳು. ಆಮೇಲೆ ಕಣ್ಣು ತೆರೆದು ಮಾಸ್ತರರ ಕಡೆ ನೋಡಿದಳು.

ಮಾಸ್ತರರ ಬೆರಳು ಪೇಟಿಯ ಷಡ್ಜದ ಮನೆಯ ಮೇಲೆ ಇತ್ತು, ಒತ್ತಿರಲಿಲ್ಲ. ಅವರು ಮೆಲ್ಲಗೆ ಎಡಕ್ಕೆ ತಿರುಗಿ ವಸುಧಾಳ ಮುಖ ನೋಡಿ, ಷಡ್ಜ ನಿಂತಿತೇ ಎಂದು ಕೇಳುವ ಹಾಗೆ ಹುಬ್ಬೇರಿಸಿ, ಕಾದು ಕೂತರು.

ವಸುಧಾ ಹೂಂ ಎಂದು ತಲೆಯಾಡಿಸಿದಳು. ಆಗ ಮಾಸ್ತರರು ಹುಡುಗಿಯ ಕಡೆ ತಿರುಗಿ, ಮುಂದಿನ ಸ್ವರ ಹಿಡಿಯಲು ಕೈ ತೋರಿಸಿದರು.